ಹುಲುಗಪ್ಪನ ಕೈ

ಕ್ರೇನ್ ಓಡಿಸುವುದನ್ನು ಕಲಿಯಲು ಮೂರು ತಿಂಗಳು ಸಾಕು. ನಿಲ್ಲಿಸುವುದನ್ನು ಕಲಿಯಲು ನನಗೆ ಮೂವತ್ತು ವರ್ಷ ಹಿಡಿಯಿತು, ಅಷ್ಟಾದರೂ ಪೂರ್ತಿ ಬರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು, ನಿವೃತ್ತನಾದವನು ಬಾಯಿ ತೆಗೆದರೆ ಬಡಾಯಿ ಕೊಚ್ಚುತ್ತಾನೆ ಎಂದುಕೊಂಡಿರುತ್ತಾರೆ. ಕೊಚ್ಚಿಕೊಳ್ಳಲು ನನ್ನ ಹತ್ತಿರ ಏನೂ ಇಲ್ಲ. ಎಷ್ಟು ಬಡ್ತಿ ಸಿಕ್ಕಿತು, ಯಾವ ಸಾಹೇಬರು ಶಾಲು ಹೊದಿಸಿದರು ಎಂಬುದು ನನ್ನ ಹೆಂಡತಿಗೂ ನೆನಪಿಲ್ಲ.

ಬಳ್ಳಾರಿಯ ಹೊರವಲಯದ ಒಂದು ಉಕ್ಕಿನ ಕಾರ್ಖಾನೆಯಲ್ಲಿ ನಾನು ಕ್ರೇನ್ ಆಪರೇಟರ್ ಆಗಿದ್ದೆ. ರಸ್ತೆಯ ಮೇಲೆ ಓಡಾಡುವ ಕ್ರೇನ್ ಅಲ್ಲ. ದೊಡ್ಡ ಶೆಡ್ಡಿನ ಎರಡೂ ಬದಿಗೆ, ಚಾವಣಿಯ ಹತ್ತಿರ ಹಳಿ ಹಾಕಿರುತ್ತಾರೆ. ಆ ಹಳಿಗಳ ಮೇಲೆ ಸೇತುವೆಯಂಥ ಒಂದು ತೊಲೆ ಹಿಂದೆ ಮುಂದೆ ಓಡುತ್ತದೆ. ತೊಲೆಯ ಮೇಲೆ ಹುಕ್ಕಿನ ಗಾಡಿ ಎಡಕ್ಕೆ ಬಲಕ್ಕೆ ಓಡುತ್ತದೆ. ತೊಲೆಗೆ ಜೋತುಬಿದ್ದ ಗಾಜಿನ ಕ್ಯಾಬಿನ್ನಿನಲ್ಲಿ ಕೂತು ಇದನ್ನೆಲ್ಲ ನಡೆಸುವವನು ನಾನು. ಕೆಳಗೆ ನಿಂತು, ಹೊರೆಗೆ ತಂತಿಹಗ್ಗದ ಸ್ಲಿಂಗ್ ಹಾಕಿ, ಕೈಸನ್ನೆಯಿಂದ ನನ್ನನ್ನು ನಡೆಸುವವನು ಖಲಾಸಿ. ನನ್ನ ಖಲಾಸಿ ಹುಲುಗಪ್ಪ, ಕುರುಗೋಡಿನವನು.

ಹುಲುಗಪ್ಪ ನಮ್ಮ ಶೆಡ್ಡಿನ ಅಪಘಾತದಲ್ಲಿ ತೀರಿಕೊಂಡು ಎಂಟು ವರ್ಷವಾಯಿತು. ಅವನ ಮಗಳು ಸುಜಾತ ಐಟಿಐ ಮುಗಿಸಿ ಅದೇ ಕಾರ್ಖಾನೆಗೆ ಈಗ ಕ್ರೇನ್ ಆಪರೇಟರ್ ಆಗಿ ಸೇರಿದ್ದಾಳೆ. ಹೋದ ತಿಂಗಳು ಪಾರ್ವತಿನಗರದ ನಮ್ಮ ಮನೆಗೆ ಬಂದು ಒಂದೇ ಒಂದು ಪ್ರಶ್ನೆ ಕೇಳಿದಳು.

"ಮಾಮ, ಆವತ್ತು ನಮ್ಮಪ್ಪ ಕೈ ಹೆಂಗ ತೋರ್ಸಿದ್ದ?"

ಅದರ ಉತ್ತರ ಗೊತ್ತಿರುವವನು ಭೂಮಿಯ ಮೇಲೆ ನಾನೊಬ್ಬನೇ. ಎಂಟು ವರ್ಷ ಅದನ್ನು ನುಂಗಿಕೊಂಡು ಕೂತಿದ್ದೆ. ಉತ್ತರ ಅರ್ಥವಾಗಬೇಕಾದರೆ ಮೊದಲಿನಿಂದ ಹೇಳಬೇಕು.

ನಾನು ರಾರಾವಿಯವನು, ಹೊಳೆದಂಡೆಯ ಭತ್ತದ ಊರು. ಸಿರುಗುಪ್ಪದ ಅಕ್ಕಿ ಗಿರಣಿಯೊಂದರಲ್ಲಿ ಎರಡು ವರ್ಷ ಮೋಟಾರು ನೋಡಿಕೊಂಡಿದ್ದು, ಆಮೇಲೆ ಕಾರ್ಖಾನೆಗೆ ಬಂದೆ. ನನಗೆ ಕ್ರೇನ್ ಕಲಿಸಿದವರು ಮಸ್ತಾನ್ ಸಾಬ್ ಎಂಬ ಹಿರಿಯ ಆಪರೇಟರ್. ಅವರು ಪುಸ್ತಕ ಮುಟ್ಟಿದವರಲ್ಲ. ಗಾರೆಯವರು ಗೋಡೆ ನೆಟ್ಟಗಿದೆಯೇ ಎಂದು ನೋಡುವ ತೂಕದ ಗುಂಡನ್ನು ದಾರ ಕಟ್ಟಿ ಹುಕ್ಕಿಗೆ ತೂಗುಬಿಟ್ಟು, ಕೆಳಗೆ ಕ್ಯಾಂಟೀನಿನ ಚಹಾ ಗ್ಲಾಸು ಇಡುತ್ತಿದ್ದರು. ಶೆಡ್ಡಿನ ಆ ಕಡೆಯಿಂದ ಕ್ರೇನ್ ತಂದು, ಗುಂಡನ್ನು ಗ್ಲಾಸಿನ ಅಂಚಿಗೆ ತಗುಲದಂತೆ ಒಳಗೆ ಇಳಿಸಬೇಕು. ನಾನು ಒಂದೇ ವಾರದಲ್ಲಿ ಹನ್ನೊಂದು ಗ್ಲಾಸು ಒಡೆದೆ. ಕ್ಯಾಂಟೀನಿನವನು ನನಗೆ ಮಾತ್ರ ಸ್ಟೀಲ್ ಲೋಟದಲ್ಲಿ ಚಹಾ ಕೊಡಲು ಶುರುಮಾಡಿದ.

"ಬೇಟಾ, ಹುಕ್ಕು ಹೊರಿ ನೆತ್ತಿ ಮ್ಯಾಲೆ ನಿಂದ್ರಬೇಕು," ಎನ್ನುತ್ತಿದ್ದರು ಮಸ್ತಾನ್ ಸಾಬ್. "ಒಂದು ಗೇಣು ಆ ಕಡಿ ಈ ಕಡಿ ನಿಂತು ಎತ್ತಿದಿ ಅಂದ್ರ, ಹೊರಿ ನೆಲ ಬಿಟ್ಟ ಕೂಡ್ಲೆ ಹುಕ್ಕಿನ ಕಡಿ ಓಡಿ ಬರತೈತಿ. ನಡುವ ಯಾರು ಅದಾರ ಅಂತ ಅದು ಕೇಳಂಗಿಲ್ಲ."

ಈ ಕೆಲಸದ ಜೀವಾಳ ಇಷ್ಟೇ. ನೀವು ಎಷ್ಟೇ ಕೋರ್ಸು ಮಾಡಿ ಬನ್ನಿ, ಇದಕ್ಕಿಂತ ಹೆಚ್ಚಿನದನ್ನು ಯಾರೂ ಹೇಳಿಕೊಡುವುದಿಲ್ಲ. ನಾನು ಆ ಮಾತನ್ನು ಕೇಳಿಸಿಕೊಂಡೆ, ತಲೆ ಅಲ್ಲಾಡಿಸಿದೆ, ಚಹಾ ಕುಡಿದೆ.

ಮೊದಲನೇ ವರ್ಷದ ನನ್ನ ಒಂದು ಪೆದ್ದುತನ ಹೇಳುತ್ತೇನೆ, ನಕ್ಕುಬಿಡಿ. ಶೆಡ್ಡಿನ ಚಾವಣಿಯ ಒಂದು ಶೀಟು ಒಡೆದು ತೂತಾಗಿತ್ತು. ಬೆಳಿಗ್ಗೆ ಚಹಾದ ಹೊತ್ತಿಗೆ ಅದರಿಂದ ಬಿಸಿಲು ಒಂದು ಕೋಲಿನ ಹಾಗೆ ಇಳಿಯುತ್ತಿತ್ತು. ಹುಕ್ಕು ಆ ಬಿಸಿಲುಕೋಲಿಗೆ ತಾಗಿದಾಗ ನಿಲ್ಲಿಸಿದರೆ, ಕ್ರೇನಿನಿಂದ ಎತ್ತಿ ಮುಚ್ಚುವ ಕುಲುಮೆಯ ಮುಚ್ಚಳದ ನೆತ್ತಿಗೆ ಸರಿಯಾಗಿ ಬರುತ್ತದೆ ಎಂದು ಕಂಡುಕೊಂಡೆ. ಯಾರಿಗೂ ಹೇಳಲಿಲ್ಲ, ನನ್ನ ಗುಟ್ಟಿನ ವಿದ್ಯೆ ಅದು. ಎರಡು ವಾರ ಎಲ್ಲರೂ ಶಭಾಷ್ ಎಂದರು. ಸಂಕ್ರಾಂತಿ ಕಳೆದು ಬಿಸಿಲು ಜರುಗಿತು. ನಾನು ಬಿಸಿಲಿನ ಹಿಂದೆ ಹೋಗಿ ಮುಚ್ಚಳವನ್ನು ಕುಲುಮೆಯ ಅಂಚಿಗೆ ಇಟ್ಟು ಎರಡು ಸಾಲು ಇಟ್ಟಿಗೆ ಕೆಡವಿದೆ.

ಮಸ್ತಾನ್ ಸಾಬ್ ಬೈಯಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ಚಾವಣಿಯ ತೂತು ನೋಡಿದರು, ನನ್ನನ್ನು ನೋಡಿದರು.

"ಸೂರ್ಯನ್ನ ನಂಬಿ ಕ್ರೇನ್ ನಿಲ್ಸಿದ್ಯೇನಲೇ? ಮ್ಯಾಲಿಂದು ಏನರೆ ನೋಡು, ಕೆಳಗ ನಿಂತಾನಲ್ಲ, ಅವನ ಕೈ ನೋಡದ ಎತ್ತಬ್ಯಾಡ."

ಆ ದಿನವೇ ಅವರು ಹುಲುಗಪ್ಪನನ್ನು ನನಗೆ ಜೊತೆ ಮಾಡಿದರು.

ಹುಲುಗಪ್ಪ ಸಣ್ಣ ಆಳು, ಕೈ ಮಾತ್ರ ಉದ್ದ. ಎತ್ತು ಎನ್ನುವಾಗ ಮೊಳಕೈ ಮಡಚಿ ತೋರುಬೆರಳು ಮೇಲೆ ಮಾಡಿ ಸಣ್ಣಗೆ ತಿರುಗಿಸುತ್ತಿದ್ದ. ಇಳಿಸು ಎನ್ನುವಾಗ ಬೆರಳು ನೆಲದ ಕಡೆಗೆ. ನಿಲ್ಲಿಸು ಎನ್ನುವಾಗ ತೋಳನ್ನು ಪೂರ್ತಿ ಪಕ್ಕಕ್ಕೆ ಚಾಚಿ, ಅಂಗೈ ಕೆಳಗೆ ಮಾಡಿ ಹಿಡಿಯುತ್ತಿದ್ದ. ಆ ಕೈ ನಡುಗಿದ್ದನ್ನು ನಾನು ನೋಡಿಲ್ಲ. ಕೆಲವು ಖಲಾಸಿಗಳು ನೊಣ ಓಡಿಸಿದ ಹಾಗೆ ಸನ್ನೆ ಮಾಡುತ್ತಾರೆ. ನಿಲ್ಲಬೇಕೋ ಹೋಗಬೇಕೋ ದೇವರಿಗೇ ಗೊತ್ತು. ಹುಲುಗಪ್ಪನದು ಹಾಗಲ್ಲ. ಇಪ್ಪತ್ತೆರಡು ವರ್ಷ ಅವನ ಕೈ ನೋಡಿ ಹೊರೆ ಎತ್ತಿ ಇಳಿಸಿದ್ದೇನೆ. ಕೆಲಸ ಇಲ್ಲದ ಹೊತ್ತಿನಲ್ಲಿ ಆ ದಿನದ ಬುತ್ತಿಯಲ್ಲಿ ಏನಿದೆ ಎಂಬುದನ್ನೂ ಕೆಳಗಿನಿಂದ ಕೈಯಲ್ಲೇ ಹೇಳುತ್ತಿದ್ದ. ರೊಟ್ಟಿ ಬಡಿಯುವ ಸನ್ನೆ, ಆಮೇಲೆ ಬದನೆಕಾಯಿಯ ಆಕಾರ. ನಾನು ಮೇಲೆ ಒಬ್ಬನೇ ಕೂತು ನಗುತ್ತಿದ್ದೆ.

ಮನೆಯಲ್ಲಿಯೂ ಅವನದು ಅದೇ ಚಾಳಿ. ಕುರುಗೋಡಿನ ಅವನ ಮನೆಯಲ್ಲಿ ಊಟಕ್ಕೆ ಕೂತಾಗ, ಹೆಂಡತಿ ಮಾಳಮ್ಮ ಅನ್ನ ಹೆಚ್ಚು ಬಡಿಸಲು ಬಂದರೆ ಸಾಕು ಎನ್ನುತ್ತಿರಲಿಲ್ಲ. ತೋಳು ಚಾಚಿ ಅಂಗೈ ಕೆಳಗೆ ಮಾಡುತ್ತಿದ್ದ.

"ನೋಡಣ್ಣ, ನಾನೂ ಕ್ರೇನ್ ಆಗೀನಿ ಇವ್ರಿಗೆ," ಎಂದು ಮಾಳಮ್ಮ ನಗುತ್ತಿದ್ದಳು. ಆಗಿನ್ನೂ ಸಣ್ಣವಳಾಗಿದ್ದ ಸುಜಾತಳೂ ಅದನ್ನೇ ಮಾಡುತ್ತಿದ್ದಳು.

ನಾನು ಅವನ ಮನೆಯಲ್ಲಿ ಎಷ್ಟೋ ಸಲ ಉಂಡಿದ್ದೇನೆ. ಅವನು ರಾರಾವಿಯ ನಮ್ಮ ಮನೆಗೆ ಮೂರು ಸಲ ಬಂದ. ನಾವು ಲಿಂಗವಂತರು. ಅವನದು ಕೇರಿಯ ಮನೆತನ, ಅವನ ಅಪ್ಪನ ಕಾಲಕ್ಕೆ ಬುದ್ಧನ ಹಾದಿ ಹಿಡಿದವರು. ನಮ್ಮ ಮನೆಯಲ್ಲಿ ಅವನಿಗೆ ತಟ್ಟೆ ಬೇರೆ ಇತ್ತು. ನನ್ನ ತಾಯಿ ಅದನ್ನು ಎಲ್ಲಿ ತೊಳೆದಿಡಬೇಕೆಂದು ಹೇಳುವಾಗ ನಾನು ಅಲ್ಲಿಯೇ ಕೂತಿದ್ದೆ, ಸುಮ್ಮನಿದ್ದೆ. ನಾಲ್ಕನೇ ಸಲ ಕರೆದಾಗ ಅವನು, "ದೂರ ಆಗತೈತಿ ಬಿಡಲೇ ಭದ್ರ," ಎಂದ. ಬಸ್ಸು ಅದೇ, ದಾರಿ ಅದೇ. ಸುಮ್ಮನಿರುವುದು ನನಗೆ ಆಗಲೇ ಅಭ್ಯಾಸವಾಗಿತ್ತು ಎಂದು ಈಗ ಅನ್ನಿಸುತ್ತದೆ.

ಮಸ್ತಾನ್ ಸಾಬ್ ನಿವೃತ್ತರಾದರು, ಕೆಲವೇ ವರ್ಷಗಳಲ್ಲಿ ಕಾಲವಾದರು. ಕೆಲಸದ ರೀತಿಯೂ ಬದಲಾಯಿತು. ಮೊದಲು ನಾವು ಕಂಬಗಳ ಮೇಲೆ ಬಿಳಿ ಬಣ್ಣದಲ್ಲಿ ಗೆರೆ ಎಳೆದು ಗುರುತು ಇಟ್ಟುಕೊಂಡಿದ್ದೆವು. ಆಮೇಲೆ ಕ್ಯಾಬಿನ್ನಿಗೆ ಪರದೆ ಬಂತು. ಹಳಿಯ ಮೇಲೆ ಕ್ರೇನಿನ ದೊಡ್ಡ ಗಾಲಿಗಳ ಪಕ್ಕದಲ್ಲಿ ಅಂಗೈಯಗಲದ ಒಂದು ರಬ್ಬರ್ ಗಾಲಿ ಕೂರಿಸಿದರು. ಅದನ್ನು ನಾವು ಮರಿಗಾಲಿ ಎಂದು ಕರೆಯುತ್ತಿದ್ದೆವು. ಕ್ರೇನ್ ಹೋದಂತೆ ಮರಿಗಾಲಿ ಉರುಳುತ್ತದೆ, ಎಷ್ಟು ಸುತ್ತು ಉರುಳಿತು ಎಂಬುದರ ಮೇಲೆ ಕ್ರೇನ್ ಎಲ್ಲಿದೆ ಎಂದು ಪರದೆ ತೋರಿಸುತ್ತದೆ. ಯಾವ ಸಾಲಿನ ಯಾವ ಜಾಗಕ್ಕೆ ಹೋಗಬೇಕೆಂದು ಒತ್ತಿದರೆ, ಆ ಜಾಗ ಬಂದ ಕೂಡಲೇ ಹಸಿರು ದೀಪ ಹತ್ತುತ್ತದೆ.

ಹೊಸದಾಗಿ ಬಂದ ಶಿಫ್ಟ್ ಇಂಜಿನಿಯರ್ ಒಬ್ಬರು ಇದನ್ನು ನಮಗೆ ಚೆನ್ನಾಗಿಯೇ ವಿವರಿಸಿದರು. ಒಂದು ಎಚ್ಚರಿಕೆ ಹತ್ತು ಸಲ ಹೇಳಿದರು: ಮರಿಗಾಲಿ ಉರುಳಿದಷ್ಟನ್ನು ಮಾತ್ರ ಲೆಕ್ಕ ಹಿಡಿಯುತ್ತದೆ. ಅದು ಉರುಳದೆ ಜಾರಿದರೆ ಲೆಕ್ಕ ತಪ್ಪುತ್ತದೆ. ಆದ್ದರಿಂದ ಪ್ರತಿದಿನ ಕೆಲಸ ಶುರುಮಾಡುವ ಮೊದಲು ಕ್ರೇನನ್ನು ಶೆಡ್ಡಿನ ಮೂಲೆಯ ಸೊನ್ನೆ ಗುರುತಿಗೆ ಒಯ್ದು, ಪರದೆಯನ್ನು ಸೊನ್ನೆ ಮಾಡಿಕೊಂಡು ಬರಬೇಕು.

ನನಗೆ ಪರದೆ ಬಹಳ ಹಿಡಿಸಿತು. ಕಣ್ಣಿಗೆ ಆಗಲೇ ಕನ್ನಡಕ ಬಂದಿತ್ತು. ಹುಲುಗಪ್ಪ ಒಂದು ದಿನ ಮೇಲೆ ಹತ್ತಿ ಬಂದು ಪರದೆಯನ್ನು ಬಹಳ ಹೊತ್ತು ನೋಡಿದ.

"ಚಲೋ ಐತಿ. ಆದ್ರ ಇದ್ರಾಗ ನಾ ಎಲ್ಲಿ ಅದೀನಿ?"

"ನೀ ಯಾಕ ಇರ್ತಿಯಲೇ ಇದ್ರಾಗ?"

"ಅದನ್ನ ಕೇಳಾಕ ಬಂದೆ," ಎಂದು ಇಳಿದು ಹೋದ. ನನಗೆ ತಮಾಷೆ ಅನ್ನಿಸಿತು.

ಈಗ ಆಯುಧಪೂಜೆಗೆ ಬರುತ್ತೇನೆ. ಬರೆಯಲು ಕೈ ಹಿಂಜರಿಯುತ್ತದೆ, ಆದರೂ ಬರೆಯುತ್ತೇನೆ.

ಕಾರ್ಖಾನೆಯವರಿಗೆ ಆಯುಧಪೂಜೆ ಎಂದರೆ ಏನೆಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಸ್ಕೂಟರಿನಿಂದ ಹಿಡಿದು ಕುಲುಮೆಯ ತನಕ ಎಲ್ಲಕ್ಕೂ ಕುಂಕುಮ, ವಿಭೂತಿ, ಹೂವು. ಗಾಡಿಗಳ ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಹಾಯಿಸುವುದು ಪದ್ಧತಿ. ನಮ್ಮ ಕ್ರೇನಿಗೂ ಪ್ರತಿ ವರ್ಷ ಎಂಟು ದೊಡ್ಡ ಗಾಲಿಗೆ ಎಂಟು ನಿಂಬೆಹಣ್ಣು. ಆ ವರ್ಷ ನನಗೆ ಭಕ್ತಿ ಹೆಚ್ಚಾಗಿತ್ತು. ನಿವೃತ್ತಿಗೆ ಮೂರೇ ವರ್ಷ ಉಳಿದಿತ್ತು, ಕೈಕಾಲು ನೆಟ್ಟಗಿದ್ದಾಗಲೇ ಮನೆ ಸೇರಿದರೆ ಸಾಕು ಎಂದು ಬೇಡಿಕೊಂಡಿದ್ದೆ. ಮರಿಗಾಲಿಯನ್ನು ಯಾಕೆ ಬಿಡಬೇಕು, ಅದೂ ದುಡಿಯುತ್ತದಲ್ಲ ಎಂದು ಅದಕ್ಕೆ ಎಣ್ಣೆ ಸವರಿ, ಅರಿಶಿನ ಕುಂಕುಮ ಹಚ್ಚಿ, ಅದರ ಕೆಳಗೂ ಒಂದು ನಿಂಬೆಹಣ್ಣು ಇಟ್ಟೆ. ನನ್ನ ಕೈಯಿಂದಲೇ ಇಟ್ಟೆ. ಸೊನ್ನೆ ಗುರುತಿನ ಮೂಲೆಯಲ್ಲಿ, ಏಣಿಯ ಪಕ್ಕ, ಎರಡು ಬಾಳೆಕಂಬ ಕಟ್ಟಿ, ಹಳಿಗೆ ಅಡ್ಡಲಾಗಿ ಕಂಬದಿಂದ ಕಂಬಕ್ಕೆ ಚೆಂಡುಹೂವಿನ ಮಾಲೆ ಎಳೆದಿದ್ದೆವು.

ಕ್ರೇನ್ ಮುಂದೆ ಹೋಯಿತು, ನಿಂಬೆಹಣ್ಣು ಪಟಪಟ ಸಿಡಿದವು, ಎಲ್ಲರೂ ಚಪ್ಪಾಳೆ ತಟ್ಟಿದರು.

ಹುಲುಗಪ್ಪ ಪೂಜೆಗೆ ನಿಲ್ಲುತ್ತಿರಲಿಲ್ಲ, ಆದರೆ ಮಾಡುವವರನ್ನು ಹಂಗಿಸಿದವನೂ ಅಲ್ಲ. ಶೆಡ್ಡು ಗುಡಿಸುವುದರಲ್ಲಿ, ಬಾಳೆಕಂಬ ಹೊರುವುದರಲ್ಲಿ ಅವನದೇ ಮುಂದಾಳತ್ವ. ಮಂಡಕ್ಕಿ, ಬೂಂದಿ ಹಂಚುವಾಗ ನನ್ನ ಹತ್ತಿರ ಬಂದ.

"ಭದ್ರ, ಆ ಮರಿಗಾಲಿ ತೊಳ್ದುಬಿಡಲೇ. ಎಣ್ಣಿ, ರಸ ಎಲ್ಲಾ ಮೆತ್ತೈತಿ. ಜಾರಿಗೀರೀತು."

"ನಿನಗ ದೇವ್ರಿಲ್ಲ ಅಂತ ನಮ್ಮ ದೇವ್ರ ಕುಂಕುಮಾನೂ ಅಳಸಬೇಕೇನು?" ಎಂದೆ. ನಗುತ್ತಲೇ ಅಂದೆ. ಸುತ್ತ ಇದ್ದವರೂ ನಕ್ಕರು. ಅವನೂ ಸ್ವಲ್ಪ ನಕ್ಕು, ಬೂಂದಿಯನ್ನು ಮಗಳಿಗೆಂದು ಕಾಗದದಲ್ಲಿ ಕಟ್ಟಿಕೊಂಡು ಹೋದ.

ವಿಜಯದಶಮಿಯ ರಜೆ ಮುಗಿಸಿ ಬೆಳಿಗ್ಗೆ ಕೆಲಸಕ್ಕೆ ಬಂದೆವು. ನಾನು ಮೊದಲು ಮಾಡಬೇಕಾದದ್ದು ಕ್ರೇನನ್ನು ಸೊನ್ನೆ ಗುರುತಿಗೆ ಒಯ್ಯುವುದು. ಆದರೆ ಅಲ್ಲಿ ಬಾಳೆಕಂಬ, ಅಡ್ಡಲಾಗಿ ಮಾಲೆ. ಕ್ರೇನ್ ಒಯ್ದರೆ ದೇವರ ಮಾಲೆ ಹರಿದು ಬೀಳುತ್ತದೆ. ನಾಳೆ ಹೇಗಿದ್ದರೂ ತೆಗೆಯುತ್ತೇವೆ, ಒಂದು ದಿನಕ್ಕೆ ಏನಾಗುತ್ತದೆ ಎಂದುಕೊಂಡೆ. ಶಿಫ್ಟ್ ಇಂಜಿನಿಯರ್ ಕೆಳಗಿನಿಂದ, "ಭದ್ರಪ್ಪನೋರೇ, ಜೀರೋ ಮಾಡ್ಕೊಂಡ್ರಾ?" ಎಂದು ಕೂಗಿ ಕೇಳಿದರು.

"ಆತ್ರಿ ಸಾರ್," ಎಂದೆ.

ಸೊನ್ನೆ ಮಾಡದೆ ಸಾಲುಗಳ ಕಡೆಗೆ ಹೊರಟೆ. ಉಕ್ಕಿನ ಉದ್ದನೆಯ ತೊಲೆಗಳನ್ನು ಕಟ್ಟು ಕಟ್ಟಿ ಅಕ್ಕಪಕ್ಕ ಪೇರಿಸಿಟ್ಟಿದ್ದರು. ಎರಡು ಪೇರಿಗಳ ನಡುವೆ ಒಬ್ಬ ಮನುಷ್ಯ ಮೈ ಓರೆ ಮಾಡಿ ನುಸುಳುವಷ್ಟು ಜಾಗ. ಪರದೆ ಹೇಳಿದ ಜಾಗದಲ್ಲಿ ನಿಲ್ಲಿಸಿದೆ, ಹಸಿರು ದೀಪ ಹತ್ತಿತು. ನಿಜವಾಗಿ ನಾನು ಆ ಜಾಗದಿಂದ ಮೊಳಕ್ಕೆ ನಾಲ್ಕು ಬೆರಳು ಕಡಿಮೆಯಷ್ಟು ಮುಂದೆ ಹೋಗಿದ್ದೆ. ಮರಿಗಾಲಿ ಎಣ್ಣೆಯಲ್ಲಿ, ನಿಂಬೆರಸದಲ್ಲಿ ಅಷ್ಟು ದೂರ ಉರುಳದೆ ಜಾರಿತ್ತು. ಕ್ಯಾಬಿನ್ನಿನಲ್ಲಿ ಕೂತವನಿಗೆ ಅಷ್ಟು ವ್ಯತ್ಯಾಸ ಕಾಣುವುದಿಲ್ಲ. ಕಾಣುವುದು ಕೆಳಗೆ ನಿಂತವನಿಗೆ.

ಹುಲುಗಪ್ಪ ಸ್ಲಿಂಗ್ ಹಾಕಿ, ಬೆರಳು ತಿರುಗಿಸಿ, ನಿಧಾನಕ್ಕೆ ಎತ್ತು ಎಂದ. ಹಗ್ಗ ಬಿಗಿಯಾಗುವಷ್ಟು ಎತ್ತಿದೆ. ಆಗ ಹಗ್ಗ ಓರೆಯಾಗಿದ್ದು ಅವನಿಗೆ ಕಂಡಿದೆ. ಸ್ಲಿಂಗ್ ಕೂಡ ಆಚೆಯ ಮೂಲೆಯಲ್ಲಿ ಸಿಕ್ಕಿಕೊಂಡಿತ್ತು. ಅವನು ಬಲಗೈ ಪಕ್ಕಕ್ಕೆ ಚಾಚಿ, ಅಂಗೈ ಕೆಳಗೆ ಮಾಡಿ ಹಿಡಿದ. ಹಾಗೆ ಹಿಡಿದುಕೊಂಡೇ, ಎಡಗೈಯಿಂದ ಸ್ಲಿಂಗ್ ಬಿಡಿಸಲು ಪೇರಿಗಳ ನಡುವೆ ಸರಿದ. ಆ ಕೈ ಹಾಗಿರುವ ತನಕ ಕ್ರೇನ್ ಕದಲಬಾರದು. ಇಪ್ಪತ್ತೆರಡು ವರ್ಷ ಕದಲಿರಲಿಲ್ಲ. ಅದನ್ನು ನಂಬಿ ಅವನು ಒಳಗೆ ಹೋದ.

ನಾನು ಹಸಿರು ದೀಪ ನೋಡುತ್ತಿದ್ದೆ. ಕಣ್ಣಿನ ಅಂಚಿನಲ್ಲಿ ಅವನ ಕೈ ಇತ್ತು. ಮೊದಲಿನ ಎತ್ತು ಸನ್ನೆಯೇ ಇರಬೇಕು ಎಂದುಕೊಂಡೆ. ತಿರುಗಿ ನೋಡಲಿಲ್ಲ. ಎತ್ತಿದೆ.

ಮಸ್ತಾನ್ ಸಾಬ್ ಹೇಳಿದ್ದ ಹಾಗೆಯೇ ಆಯಿತು. ನೆಲ ಬಿಟ್ಟ ಕೂಡಲೇ ಹೊರೆ ಹುಕ್ಕಿನ ಕಡೆಗೆ ಓಡಿ ಬಂತು. ಆಗ ತಿರುಗಿ ನೋಡಿದೆ: ಅವನ ಬಲಗೈ ಇನ್ನೂ ಪಕ್ಕಕ್ಕೆ ಚಾಚಿತ್ತು, ಅಂಗೈ ಕೆಳಗಿತ್ತು. ಹುಲುಗಪ್ಪ ಕೂಗಲಿಲ್ಲ, ಕೂಗಲು ಅವನಿಗೆ ಹೊತ್ತಿರಲಿಲ್ಲ. ನಾನು ಏಣಿ ಇಳಿದು ಓಡಿ ಬರುವಷ್ಟರಲ್ಲಿ ಅವನನ್ನು ಹೊರಗೆಳೆದು ನೆಲದ ಮೇಲೆ ಮಲಗಿಸಿದ್ದರು. ಮುಖಕ್ಕೆ ಏನೂ ಆಗಿರಲಿಲ್ಲ. ನನ್ನನ್ನು ಗುರುತು ಹಿಡಿದ ಅಂತ ಈಗಲೂ ಅನ್ನಿಸುತ್ತದೆ. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು.

ಇದು ನನ್ನ ಮೊದಲನೆಯ ತಪ್ಪು. ಎರಡನೆಯದು ಇದಕ್ಕಿಂತ ಹೊಲಸು.

ಆ ಸಂಜೆ ಎಲ್ಲರೂ ಆಸ್ಪತ್ರೆಯ ಕಡೆ ಹೋಗಿದ್ದಾಗ ನಾನು ಒಬ್ಬನೇ ಹಳಿಯ ಮೇಲೆ ಹತ್ತಿದೆ. ಮರಿಗಾಲಿಗೆ ನಿಂಬೆಯ ಸಿಪ್ಪೆ ಮೆತ್ತಿಕೊಂಡು ಒಣಗಿತ್ತು, ಕುಂಕುಮ ಕೆಸರಾಗಿತ್ತು. ನೋಡಿದ ಕೂಡಲೇ ತಿಳಿಯಿತು. ಹತ್ತಿಯ ಚಿಂದಿ ತೆಗೆದುಕೊಂಡು ಒರೆಸಿದೆ. ಚೆನ್ನಾಗಿ ಒರೆಸಿದೆ, ಉಗುರಿನಿಂದ ಕೆರೆದು ಒರೆಸಿದೆ. ಮಾಲೆ ಹರಿದು ಬಿಸಾಕಿದೆ. ಬೆಳಿಗ್ಗೆ ಹರಿಯಲಾರದ ದೇವರ ಮಾಲೆಯನ್ನು ಸಂಜೆ ಎರಡೂ ಕೈಯಲ್ಲಿ ಹರಿದೆ. ಕ್ರೇನನ್ನು ಮೂಲೆಗೆ ಒಯ್ದು ಸೊನ್ನೆ ಮಾಡಿದೆ. ಮರುದಿನ ತನಿಖೆಗೆ ಬಂದವರು ಪರೀಕ್ಷಿಸಿದಾಗ ಪರದೆ ಕೂದಲೆಳೆಯಷ್ಟೂ ತಪ್ಪು ತೋರಿಸಲಿಲ್ಲ.

"ಖಲಾಸಿ ಯಾವ ಸನ್ನೆ ಕೊಟ್ಟಿದ್ದ?" ಎಂದು ನನ್ನನ್ನು ಕೇಳಿದರು.

"ಎತ್ತು ಅಂತ ಕೊಟ್ಟಿದ್ದ ಸಾರ್."

ಹಾಗೆಂದು ಬರೆದುಕೊಂಡರು. ಖಲಾಸಿ ತಪ್ಪು ಸನ್ನೆ ಕೊಟ್ಟು ಹೊರೆಯ ಪಕ್ಕಕ್ಕೆ ನುಗ್ಗಿದ. ಕೆಳಗೆ ನನ್ನ ಸಹಿ. ಯಾರೂ ಎರಡನೆಯ ಸಲ ಕೇಳಲಿಲ್ಲ. ಹುಲುಗಪ್ಪನಂಥವನ ಮೇಲೆ ತಪ್ಪು ಹೊರಿಸಿದರೆ ಅದು ಎಷ್ಟು ಸಲೀಸಾಗಿ ಕೂತುಬಿಡುತ್ತದೆ ಎಂದು ಆವತ್ತು ಕಂಡೆ. ಸತ್ತವನು ಎದ್ದು ಬಂದು ಕೈ ತೋರಿಸುವುದಿಲ್ಲ.

ಹೆದರಿಕೆಯೇ ಕಾರಣ, ಬೇರೆ ಏನೂ ಇಲ್ಲ. ಕೆಲಸ ಹೋಗುತ್ತದೆ ಎಂಬ ಹೆದರಿಕೆ, ಜೈಲಿನ ಹೆದರಿಕೆ, ಅದಕ್ಕಿಂತ ಹೆಚ್ಚಾಗಿ ಮಾಳಮ್ಮನ ಮುಖ ನೋಡುವ ಹೆದರಿಕೆ. ಮಣ್ಣಿಗೆ ಹೋದೆ, ಬುದ್ಧನ ಪಟದ ಮುಂದೆ ಮೇಣದಬತ್ತಿ ಹಚ್ಚುವಾಗ ಹಿಂದೆ ನಿಂತಿದ್ದೆ. ಆಮೇಲೆ ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ಬಳ್ಳಾರಿಯ ಬಸ್ ಸ್ಟ್ಯಾಂಡಿನಲ್ಲಿ ಕುರುಗೋಡು ಬೋರ್ಡಿನ ಬಸ್ಸು ಕಂಡರೆ ಬೇರೆ ಕಡೆ ತಿರುಗಿಕೊಳ್ಳುತ್ತಿದ್ದೆ. ಉಳಿದ ಮೂರು ವರ್ಷ ಕ್ರೇನ್ ನಡೆಸಿದೆ. ಹೊಸ ಖಲಾಸಿಯ ಕೈಯನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದೆ. ಈ ಭದ್ರಪ್ಪ ಎಷ್ಟು ಹುಷಾರಿನ ಮನುಷ್ಯ ಎಂದು ಎಲ್ಲರೂ ಹೊಗಳುತ್ತಿದ್ದರು. ಅದನ್ನು ಕೇಳುವುದಕ್ಕಿಂತ ಬೈಸಿಕೊಳ್ಳುವುದು ಮೇಲಾಗಿತ್ತು.

ಹೋದ ತಿಂಗಳು ಸುಜಾತ ಬಂದಾಗ ನಾನು ವರಾಂಡದಲ್ಲಿ ಅಕ್ಕಿಯ ನುಚ್ಚು ಆರಿಸುತ್ತ ಕೂತಿದ್ದೆ. ಅಪ್ಪನದೇ ಉದ್ದ ಕೈ ಅವಳಿಗೆ. ಕೆಲಸ ಸಿಕ್ಕಿತು ಎಂದು ಹೇಳಲು ಬಂದಿದ್ದಾಳೆ ಎಂದುಕೊಂಡೆ. ನನ್ನ ಹೆಂಡತಿ ಚಹಾ ತಂದಳು. ಸುಜಾತ ಅದನ್ನು ಮುಟ್ಟಲಿಲ್ಲ.

"ಮಾಮ, ಟ್ರೇನಿಂಗ್ ಕ್ಲಾಸಿನ್ಯಾಗ ಹಿಂದಿನ ಅಪಘಾತದ್ದು ಪಾಠ ಮಾಡ್ತಾರ. ಪರದಿ ಮ್ಯಾಲೆ ಚಿತ್ರ ತೋರ್ಸಿದ್ರು. ಹೆಸರು ಹಾಕಿರ್ಲಿಲ್ಲ. 'ತಪ್ಪು ಸನ್ನೆ ಕೊಟ್ಟ ಖಲಾಸಿ, ಹಿಂಗ ಎಂದೂ ಮಾಡಬ್ಯಾಡ್ರಿ' ಅಂದ್ರು. ಶೆಡ್ಡು ನೋಡಿದ ಕೂಡ್ಲೆ ನನಗ ಗೊತ್ತಾತು. ಪಕ್ಕದಾಕಿ ನಕ್ಳು ಮಾಮ. 'ಎಂಥಾ ಪೆದ್ದ ಇರಬೇಕು' ಅಂದ್ಳು. ಅವಳಿಗೇನು ಗೊತ್ತು ಪಾಪ."

ನಾನು ಮೊರದೊಳಗೆ ಕಣ್ಣು ನೆಟ್ಟು ಕೂತಿದ್ದೆ.

"ಅಪ್ಪ ನಂಗ ಸಣ್ಣಾಕಿದ್ದಾಗಿಂದ ಸನ್ನಿ ಕಲ್ಸ್ಯಾನ. ಅವ ತಪ್ಪು ತೋರ್ಸಂಗಿಲ್ಲ. ಆದ್ರ ನಾ ಯಾರಿಗ್ ಹೇಳ್ಲಿ? ನೋಡಿದಾವ್ರು ನೀವೊಬ್ರೇ. ಮಾಮ, ಆವತ್ತು ನಮ್ಮಪ್ಪ ಕೈ ಹೆಂಗ ತೋರ್ಸಿದ್ದ?"

ಮೊರ ಕೆಳಗಿಟ್ಟೆ. ಬಲಗೈ ಪಕ್ಕಕ್ಕೆ ಚಾಚಿ, ಅಂಗೈ ಕೆಳಗೆ ಮಾಡಿ ಹಿಡಿದೆ. ಅವಳು ಆ ಕೈಯನ್ನೇ ನೋಡುತ್ತ ಕೂತಳು. ಆಮೇಲೆ ನಿಂಬೆಹಣ್ಣು, ಮಾಲೆ, ಹಸಿರು ದೀಪ, ಚಿಂದಿ ಬಟ್ಟೆ, ಸಹಿ, ಎಲ್ಲವನ್ನೂ ಹೇಳಿದೆ. ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಮೊದಲ ಸಲ ಇದನ್ನೆಲ್ಲ ಕೇಳಿದಳು.

ಸುಜಾತ ಬೈಯುತ್ತಾಳೆ ಎಂದುಕೊಂಡಿದ್ದೆ, ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಎದ್ದು ಚಪ್ಪಲಿ ಮೆಟ್ಟಿದಳು.

"ನಡ್ರಿ, ನಮ್ಮವ್ವಗ ನೀವ ಹೇಳ್ರಿ," ಎಂದಳು.

ಅದೇ ದಿನ ಕುರುಗೋಡಿನ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅವಳು ಕಿಟಕಿಯ ಕಡೆ ನೋಡುತ್ತಿದ್ದಳು. ಮಾಳಮ್ಮನ ತಲೆ ಬೆಳ್ಳಗಾಗಿತ್ತು. "ಬಾರಣ್ಣ, ಎಷ್ಟ್ ವರ್ಷ ಆತು," ಎಂದು ಚಾಪೆ ಹಾಸಿದಳು. ನಾನು ಚಾಪೆಯ ಮೇಲೆ ಕೂರಲಿಲ್ಲ, ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಅವಳು ಗೋಡೆಗೆ ಒರಗಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೇಳಿದಳು. ಕೊನೆಗೆ ನನಗೆ ತಡೆಯಲಾಗಲಿಲ್ಲ. ತಪ್ಪಾತವ್ವ, ಕ್ಷಮಿಸವ್ವ, ನನ್ನ ನಾಲಿಗೆಗೆ ಹುಳ ಬೀಳಲಿ ಎಂದು ಒಂದೇ ಸಮನೆ ಅಳುತ್ತ ಹೇಳತೊಡಗಿದೆ.

ಮಾಳಮ್ಮ ತೋಳು ಪಕ್ಕಕ್ಕೆ ಚಾಚಿ, ಅಂಗೈ ಕೆಳಗೆ ಮಾಡಿ ಹಿಡಿದಳು.

ನಾನು ನಿಲ್ಲಿಸಿದೆ.

"ನಂಗ್ ಹೇಳಿದ್ರ ಏನು ಬಂತಣ್ಣ?" ಎಂದಳು ಮಾಳಮ್ಮ. "ನಂಗ ಆವತ್ತಾ ಗೊತ್ತಿತ್ತು. ಮೂವರೂ ಕೂಡಿ ಉಣ್ಣಾಗ ದಿನಾ ನೋಡೀನಿ ಆ ಕೈಯ. ಅದು ತಪ್ಪಂಗಿಲ್ಲ. ನೀ ಬಂದು ಹೇಳ್ತಿ ಅಂತ ಒಂದು ವರ್ಷ ಕಾದೆ, ಎರಡು ವರ್ಷ ಕಾದೆ, ಆಮ್ಯಾಲ ಬಿಟ್ಟೆ." ಬೆರಳಿಗೆ ಸುತ್ತಿದ್ದ ಸೆರಗು ಬಿಚ್ಚಿದಳು. "ಗೊತ್ತಿಲ್ದಾವ್ರು ಅದಾರಲ್ಲ, ನಗಾಕತ್ಯಾರಲ್ಲ, ಅವ್ರಿಗೆ ಹೋಗಿ ಹೇಳು."

ನಾನು ಹೊರಡುವಾಗ ಅವಳು ಊಟ ಮಾಡು ಎನ್ನಲಿಲ್ಲ. ಹಿಂದೆ ಎಂದೂ ಆ ಮನೆಯಿಂದ ಉಣ್ಣದೆ ಬಂದವನಲ್ಲ ನಾನು.

ಮರುದಿನವೇ ಎಲ್ಲವನ್ನೂ ಬರೆದು, ಸಹಿ ಹಾಕಿ, ಕಾರ್ಖಾನೆಯ ಸುರಕ್ಷತಾ ಅಧಿಕಾರಿಗಳಿಗೆ ಕೊಟ್ಟು ಬಂದೆ. ಅವರು ಹೊಸಬರು, ಒಳ್ಳೆಯವರು. ಎರಡು ಸಲ ಓದಿದರು. "ಮುಗಿದ ಫೈಲು ಯಜಮಾನ್ರೇ, ಮಿಂಚಿ ಹೋದ ಕಾರ್ಯ. ಮೇಲಿನವರಿಗೆ ಕಳಿಸ್ತೀನಿ, ನೋಡೋಣ," ಎಂದರು. ನನ್ನ ಮೇಲೆ ಏನು ಕ್ರಮ ಬಂದರೂ ಬರಲಿ ಎಂದು ಹೇಳಿ ಬಂದಿದ್ದೇನೆ. ಇ‍ನ್ನೂ ಉತ್ತರವಿಲ್ಲ. ಆ ಪಾಠ ಇನ್ನೂ ಬದಲಾಗಿಲ್ಲ ಎಂದು ಸುಜಾತ ಫೋನಿನಲ್ಲಿ ಹೇಳಿದಳು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರೆ. ನನ್ನ ಮಾನವಾದರೆ ಹೋಗಲಿ ಎನ್ನಬಹುದಿತ್ತು. ಅಲ್ಲಿ ಹೋಗಿದ್ದು ಹುಲುಗಪ್ಪನದು, ಕಳೆದವನು ನಾನು.

ಅದಕ್ಕೇ ಇದನ್ನು ಬರೆದೆ. ಹೊಸದಾಗಿ ಸೇರುವ ಮಕ್ಕಳೇ, ಪೂಜೆ ಮಾಡಿ, ಬೇಡ ಎನ್ನುವುದಿಲ್ಲ. ಮುಗಿದ ಮೇಲೆ ಗಾಲಿ ತೊಳೆಯಿರಿ. ಪರದೆ ನೋಡಿ, ಆಮೇಲೆ ಕೆಳಗೆ ನಿಂತವರ ಕೈ ನೋಡಿ, ಕೈ ನೋಡದೆ ಎತ್ತಬೇಡಿ. ಮತ್ತೆ ಯಾವತ್ತಾದರೂ ತರಗತಿಯಲ್ಲಿ ಆ ಶೆಡ್ಡಿನ ಚಿತ್ರ ಬಂದು, ತಪ್ಪು ಸನ್ನೆ ಕೊಟ್ಟ ಖಲಾಸಿ ಎಂದು ಯಾರಾದರೂ ಹೇಳಿದರೆ ನಗಬೇಡಿ. ಅವನ ಹೆಸರು ಹುಲುಗಪ್ಪ. ಅವನ ತೋಳು ಪೂರ್ತಿ ಚಾಚಿತ್ತು, ಅಂಗೈ ಕೆಳಗಿತ್ತು. ನೋಡದೆ ಎತ್ತಿದವನು ನಾನು.